ತುರೋರಿಯ ಕುಟ್ಟಿ ಮಶೀನು

ಮರಾಠಿ ಸೀಮೆಯ ನಿಲಂಗಾದ ಕೋರ್ಟಿನ ಎದುರು ಒಬ್ಬ ವಕೀಲರ ಆಫೀಸಿನಲ್ಲಿ ನಾನು ಟೈಪು ಮಾಡುತ್ತೇನೆ. ಅಲ್ಲಿ ಒಂದು ಶಬ್ದ ಆಚೀಚೆಯಾದರೆ ಯಾರದೋ ಹೊಲದ ಬದು ಆಚೀಚೆಯಾಗುತ್ತದೆ. ಏಳು ವರ್ಷ ಹೀಗೆ ಹೆದರಿಕೊಂಡು ಟೈಪು ಮಾಡಿ ನನ್ನ ಮಾತೂ ಹಾಗೇ ಆಗಿದೆ. ಮನೆಯಲ್ಲಿ ಏನು ತಕರಾರು ಬಂದರೂ ಕಡೆಗೆ ನನ್ನನ್ನು ಕೇಳುತ್ತಾರೆ. “ಮನೀಷಾ ಅಂದ್ಲಂದ್ರ ಅಷ್ಟೇ. ಕಮ್ಮೀನೂ ಇಲ್ಲ, ಜಾಸ್ತೀನೂ ಇಲ್ಲ,” ಎನ್ನುತ್ತಾರೆ ಅತ್ತೆ ಸಂಗಮ್ಮ. ಈ ಒಳ್ಳೆಯ ಹೆಸರೇ ಆ ಭಾನುವಾರ ನನ್ನನ್ನು ತುರೋರಿಯ ದಾರಿ ಹಿಡಿಸಿತು.

ನನ್ನ ಮಾವ ಗುರುಶಾಂತಯ್ಯನವರು ಜಂಗಮರು. ಉಮರ್ಗಾದಿಂದ ಜಳಕೋಟದವರೆಗೆ ಸುಮಾರು ನಲವತ್ತು ಮನೆಗಳಿಗೆ ಅವರೇ ಅಯ್ಯನವರು. ಕೂಸಿಗೆ ಹೆಸರಿಡಲಿಕ್ಕೆ, ಹೊಸ ಮನೆ ಹೊಗಲಿಕ್ಕೆ, ಸತ್ತವರ ಕ್ರಿಯೆಗೆ ಅವರೇ ಬೇಕು. ಅದು ತಂದೆಯಿಂದ ಬಂದದ್ದು. ಇನ್ನೊಂದು ಕೆಲಸವನ್ನು ಅವರು ತಾವೇ ಕಲಿತರು. ಅದು ಹಳೆಯ ಮಶೀನುಗಳ ರಿಪೇರಿ. ಬಿಳಿಜೋಳ ಕೊಯ್ದು, ತೆನೆ ಮುರಿದು, ಉಳಿದ ದಂಟು ಅಂದರೆ ಕಣಕಿಯನ್ನು ಪೆಂಡಿ ಕಟ್ಟಿ ಒಣಗಿಸಿ ಬಣವಿ ಒಟ್ಟುವ ದಿನ ಬಂತೆಂದರೆ ಎಲ್ಲ ಮನೆಯವರಿಗೂ ಮೂಲೆಯಲ್ಲಿದ್ದ ಕುಟ್ಟಿ ಮಶೀನಿನ ನೆನಪಾಗುತ್ತದೆ. ಎದೆಯೆತ್ತರದ ಕಬ್ಬಿಣದ ಚಕ್ರ, ಅದರ ಅರಗಳಿಗೆ ಬಿಗಿದ ಎರಡು ಬಾಗಿದ ಅಲಗು. ಒಂದು ಕಡೆ ಕಣಕಿ ತುರುಕಿ ಚಕ್ರ ತಿರುವಿದರೆ ಇನ್ನೊಂದು ಕಡೆ ಬೆರಳಿನ ಗೆಣ್ಣಿನಷ್ಟು ಚೂರು ಬೀಳುತ್ತವೆ. ಇಡೀ ಕಣಕಿ ಹಾಕಿದರೆ ಎಮ್ಮೆ ಎಲೆ ತಿಂದು ದಂಟು ಬಿಡುತ್ತದೆ. ಚೂರು ಮಾಡಿ ಹಾಕಿದರೆ ಏನೂ ಬಿಡುವುದಿಲ್ಲ. ಕರೆಂಟಿನ ಮಶೀನುಗಳೂ ಬಂದಿವೆ. ಆದರೆ ಹೊಲಕ್ಕೆ ಕರೆಂಟು ಯಾವಾಗ ಬರುತ್ತದೆಂಬುದು ಹೊಲದವರ ಕೈಯಲ್ಲಿಲ್ಲ.

ಹೋದ ವರ್ಷ ಇದೇ ದಿನಗಳಲ್ಲಿ ಜಳಕೋಟದಲ್ಲಿ ಅಲಗು ಬಿಗಿಯುವಾಗ ಮಾವನವರ ಎಡಗೈಯ ಹೆಬ್ಬೆರಳು ಸೀಳಿತು. ಆರು ಹೊಲಿಗೆ. ಎಡ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುವವರು ಅವರು. ಒಂದೂವರೆ ತಿಂಗಳು ಬ್ಯಾಂಡೇಜು ಸುತ್ತಿದ ಕೈಯನ್ನು ಅತ್ತೆ ಕೆಳಗಿನಿಂದ ಹಿಡಿದುಕೊಂಡು ಕೂತಿರುತ್ತಿದ್ದರು, ಲಿಂಗ ಜಾರಬಾರದೆಂದು. ಅದನ್ನು ದಿನಾ ನೋಡಿದ ನನ್ನ ಗಂಡ ಓಂಪ್ರಕಾಶ, ಬೋಲ್ಟು ತಿರುವುವ ಪಾನಾ, ಬಡಿಯುವ ಹಾತೋಡಿ ಎಲ್ಲ ಇದ್ದ ಕ್ಯಾನ್ವಾಸಿನ ಚೀಲವನ್ನು ತನ್ನ ಔಷಧದ ಅಂಗಡಿಯ ಮಾಳಿಗೆಗೆ ಹಾಕಿದರು.

ಈ ವರ್ಷ ತುರೋರಿಯ ಕಾಶೆಪ್ಪ ತನ್ನ ಮಶೀನು ತಿರುಗುತ್ತಿಲ್ಲವೆಂದು ಮೂರು ಸಲ ಫೋನು ಮಾಡಿದ. ಮೂರನೆಯ ಸಲ ಮಾವ ಊಟ ಅರ್ಧಕ್ಕೆ ಬಿಟ್ಟರು. ಆಗ ನನ್ನ ಗಂಡ ಚೀಲ ಇಳಿಸಿಕೊಟ್ಟರು, ಆದರೆ ನನ್ನ ಕಡೆ ತಿರುಗಿ ಹೇಳಿದರು:

“ನೀ ಜೋಡಿ ಹೋಗು. ಕೈ ನೋಡ್ತಾ ಇರು. ನಡುಗಿತಂದ್ರ ಬಂದು ನನಗ ಹೇಳು. ಅವತ್ತಿಗೇ ಚೀಲ ಬಂದ್, ಕಾಯಮ್.”

“ನಡುಗಲಿಲ್ಲಂದ್ರ? ಅದೂ ಹೇಳ್ಬೇಕಲ್ಲ?” ಅಂದರು ಅತ್ತೆ ಒಳಗಿನಿಂದ.

ಮಾವ ನನ್ನನ್ನು ನೋಡಿದರು. ತೀರ್ಪು ಓದುವವರನ್ನು ಪಕ್ಷಗಾರರು ನೋಡುವ ಹಾಗೆ.

ಭಾನುವಾರ ಬಸ್ಸಿನಲ್ಲಿ ಮಾವ ಕಿಟಕಿಯ ಕಡೆ ಕೂತರು. ಎರಡೂ ಬದಿಗೆ ಕೊಯ್ದ ಹೊಲ, ಸಾಲಾಗಿ ಮಲಗಿಸಿದ ಪೆಂಡಿ.

“ಸಿಐಡಿ ಸಾಹೇಬ್ರು ಟಿಫಿನ್ ತಂದಾರೇನು?” ಅಂದರು.

“ತಂದೀನಿ, ಮಾಮಾ. ಬ್ಯಾಂಡೇಜೂ ತಂದೀನಿ.”

“ಡೆಟಾಲು?”

“ಅದೂ.”

“ಸ್ಟ್ರೆಚರ್ ಒಂದು ಮರ್ತಿ.” ಸ್ವಲ್ಪ ಹೊತ್ತು ನಕ್ಕು, ಆಮೇಲೆ ದನಿ ಇಳಿಸಿದರು. “ನೋಡವ್ವಾ, ಪೂಜಿಗೆ ಹೋದ್ರ ಎಲ್ಲಾರೂ ಕಾಲಿಗೆ ಬೀಳ್ತಾರ, ಬಾಯಿ ಮುಚ್ಚಕೊಂಡು ಕೂಡ್ತಾರ. ನಾ ಏನ ಅಂದ್ರೂ ‘ಹೌದ್ರಿ ಅಪ್ಪೋರೆ’. ಕೈಯಾಗ ಪಾನಾ ಹಿಡ್ದ ಕುಂತ್ರ ಮಾತ್ರ ಮಂದಿ ನನಗ ಮನಷ್ಯಾ ಅಂತಾರ. ಬೈತಾರ, ನಗ್ತಾರ, ಸೊಸಿ ಸುದ್ದಿ ಹೇಳ್ತಾರ. ವರ್ಷದಾಗ ಈ ಒಂದೂವರಿ ತಿಂಗಳು ಅಷ್ಟೇ. ಅದೂ ಹೋತಂದ್ರ ನಾ ಬರೇ ಕಾಲು.”

ಅವರ ಬಲಗೈ ಮೊಳಕಾಲಿನ ಮೇಲಿತ್ತು. ಬಸ್ಸೂ ನಡುಗುತ್ತಿದ್ದುದರಿಂದ ಕೈಯ ಬಗ್ಗೆ ಏನೂ ಹೇಳುವಂತಿರಲಿಲ್ಲ.

ಉಮರ್ಗಾದಲ್ಲಿ ಬಸ್ಸು ಬದಲಿಸಿ ತುರೋರಿಗೆ ಇಳಿದಾಗ ಹತ್ತು ಗಂಟೆ. ಹೈವೇಯಿಂದ ಕಾಶೆಪ್ಪನ ಹೊಲದ ಮನೆಗೆ ಕಾಲು ಗಂಟೆಯ ನಡಿಗೆ. ಅಂಗಳದಲ್ಲಿ ಅವನ ಹೆಂಡತಿ ಪ್ರೇಮಾಬಾಯಿ ತಂಬಿಗೆ, ಹಿತ್ತಾಳೆಯ ಅಗಲ ತಟ್ಟೆ ಪರಾತ ಹಿಡಿದು ನಿಂತಿದ್ದಳು, ಅಯ್ಯನವರ ಪಾದ ತೊಳೆಯಲಿಕ್ಕೆ.

“ಮೊದಲ ಮಶೀನು. ಕಾಲು ಆಮ್ಯಾಲೆ ತೊಳಿ. ಈಗ ತೊಳದ್ರ ಮತ್ತ ಹೊಲಸ ಆಗ್ತಾವ,” ಅಂದರು ಮಾವ.

“ಮತ್ತ ಆದ್ರ ಮತ್ತ ತೊಳೀತೀನ್ರಿ. ನೀರೇನು ನಿಮ್ಮ ಮನಿಯಿಂದ ತರ್ತೀರೇನು?” ಎಂದು ಆಕೆ ಅವರನ್ನು ಕೂಡಿಸಿಯೇ ಬಿಟ್ಟಳು. ನನಗೂ ಕುಂಕುಮ ಹಚ್ಚಿ, “ಅಮ್ಮೋರು ಭಾಳ ಬಾಡ್ಯಾರ. ನಿಲಂಗಾದಾಗ ಉಣ್ಣಲಿಕ್ಕ ಹಾಕಂಗಿಲ್ಲೇನ್ರಿ ಅಪ್ಪೋರೆ ಸೊಸಿಗಿ?” ಅಂದಳು.

“ಆಕಿ ಉಣ್ಣಂಗಿಲ್ಲ. ಚಿಂತಿ ಮಾಡ್ತಾಳ. ಅದರಲೇ ಹೊಟ್ಟಿ ತುಂಬ್ತದ.”

ಮಶೀನು ಬೇವಿನ ಮರದ ಕೆಳಗಿತ್ತು. ಕಣಕಿ ಇಟ್ಟು ತುರುಕುವ ಮರದ ದೋಣಿ ಒಣಗಿ ಸೀಳಿತ್ತು. ಚಕ್ರಕ್ಕೆ ಎರಡೂ ಕೈ ಹಾಕಿ ಕಾಶೆಪ್ಪ ಜಗ್ಗಿ ತೋರಿಸಿದ. ಅಲುಗಲಿಲ್ಲ. ಕೆಳಗೆಲ್ಲ ಎಣ್ಣೆ ಸುರಿದು ಮಣ್ಣು ಕಪ್ಪಾಗಿತ್ತು.

“ಎರಡ ಲೀಟರ್ ಎಣ್ಣಿ ಕುಡೀತ್ರಿ ಇದು. ನಮ್ಮ ಮಾವಗಿಂತ ಜಾಸ್ತಿ ಕುಡೀತು,” ಎಂದ ಅವನು. “ಹಾತೋಡೀಲೆ ನಾಕು ಕೊಟ್ಟೆ. ಆದ್ರೂ ಜಪ್ಪಯ್ಯಾ ಅನವಲ್ದು.”

“ನಿನಗ್ಯಾರಾದ್ರೂ ಮೊಳಕಾಲ ಹಿಡದಾಗ ಹಾತೋಡೀಲೆ ಕೊಡ್ತಾರೇನು?” ಎಂದು ಮಾವ ಅವನ ಕೈಯಿಂದ ಹಾತೋಡಿ ಕಸಿದು ದೂರ ಇಟ್ಟರು. ಶಲ್ಯ ತೆಗೆದು ಬೇವಿನ ಕೊಂಬೆಗೆ ಹಾಕಿದರು. ಚಕ್ರದ ಅಚ್ಚು ಎರಡು ಬದಿಗೂ ಎಲ್ಲಿ ಕೂರುತ್ತದೋ ಆ ಗೂಡುಗಳ ಮುಂದೆ ಗೋಣಿತಟ್ಟು ಹಾಸಿ ಕುಕ್ಕರುಗಾಲಲ್ಲಿ ಕೂತರು. ನಾನು ಅವರ ಬಲಕ್ಕೆ, ಕೈ ಕಾಣುವ ಹಾಗೆ ಒಂದು ಪೆಂಡಿಯ ಮೇಲೆ ಕೂತೆ.

ಕೈ ನಡುಗುತ್ತಿತ್ತು. ಚೀಲದಿಂದ ಪಾನಾ ತೆಗೆದು ಬೋಲ್ಟಿನವರೆಗೆ ಒಯ್ಯುವಾಗ ಅದರ ತುದಿ ಗಾಳಿಯಲ್ಲಿ ಸಣ್ಣ ಸಣ್ಣ ವರ್ತುಳ ಬರೆಯಿತು. ಆದರೆ ಪಾನಾ ಬೋಲ್ಟಿನ ತಲೆಯನ್ನು ಕಚ್ಚಿದ ಕೂಡಲೇ ನಡುಕ ನಿಂತಿತು. ಮತ್ತೆ ನೋಡಿದೆ. ಗಾಳಿಯಲ್ಲಿ ನಡುಗುತ್ತದೆ, ಹಿಡಿತದಲ್ಲಿ ನಡುಗುವುದಿಲ್ಲ. ಇದನ್ನು ಮನಸ್ಸಿನಲ್ಲಿ ಹಾಗೇ ಬರೆದಿಟ್ಟುಕೊಂಡೆ.

ಮೊದಲ ಗೂಡಿನ ನಾಲ್ಕು ಬೋಲ್ಟಿಗೂ ಡೀಸೆಲ್ ಹನಿಸಿ ಅರ್ಧ ಗಂಟೆ ಬಿಟ್ಟರು. ಆ ಅರ್ಧ ಗಂಟೆಯಲ್ಲಿ ಪ್ರೇಮಾಬಾಯಿ ತನ್ನ ತಂಗಿ ಸುಗಂಧಾಳ ಮನೆಯ ಜಗಳ ಪೂರ್ತಿ ಹೇಳಿದಳು. ಮಾವ ನಡುನಡುವೆ “ಮತ್ತ ಆಕಿ ಏನಂದ್ಲು?” ಎಂದು ಕೇಳುತ್ತಿದ್ದರು. ಬೋಲ್ಟು ಒಂದೊಂದಾಗಿ ಕಿರ್ ಎಂದು ಸಡಿಲಾದವು. ಒಂದೂ ಮುರಿಯಲಿಲ್ಲ. ಗೂಡಿನ ಮುಚ್ಚಳ ಮಾತ್ರ ಏಳಲಿಲ್ಲ. ಅದರ ನೆತ್ತಿಯ ಮೇಲೆ ಒಂದು ಗಟ್ಟಿ ಗಡ್ಡೆ ಕೂತಿತ್ತು, ಹಾವಿನ ಹುತ್ತದ ಹಾಗೆ.

“ಇದೇನು, ಸಿಮೆಂಟ್ ಬಡದೀಯೇನೋ ಕಾಶ್ಯಾ?”

ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಾವ ಮೊಳೆಯ ತುದಿಯಿಂದ ಕೆರೆದರು. ಮೇಲೆ ಕೆಂಪು. ಅದರ ಕೆಳಗೆ ಬಿಳಿ. ಮತ್ತೆ ಕೆಂಪು, ಹಳದಿ, ಮತ್ತೆ ಬಿಳಿ. ಬಿಳಿಯ ಪುಡಿಯನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿ ನೋಡಿದರು. ಮೂಸಿದರು.

“ವಿಭೂತಿ,” ಅಂದರು.

“ನಿಮ್ಮದೇರಿ ಅಪ್ಪೋರೆ,” ಅಂದಳು ಪ್ರೇಮಾಬಾಯಿ ಮೆಲ್ಲಗೆ. “ಪ್ರತಿ ಖಂಡೇ ನವಮಿಗಿ ಮಶೀನು ಪೂಜಿ ಮಾಡೂಮುಂದ ನೀವು ಬಂದು ಮೂರು ಬೆರಳ ಅಲ್ಲೇ ಹಚ್ಚತೀರಿ. ಅದರ ಮ್ಯಾಲ ನಾ ಕುಂಕುಮ ಹಚ್ಚತೀನಿ. ಅಪ್ಪೋರ ಕೈಲೆ ಹಚ್ಚಿದ್ದು ಅಳಸ್ತಾರೇನ್ರಿ ಯಾರಾದ್ರೂ? ಇಂವಾ ಎಣ್ಣಿ ಸುರಿವಾಗೂ ಹೇಳೀನಿ, ಅಲ್ಲಿ ಒಂದ ಹನಿ ಬೀಳಬಾರದು ಅಂತ.”

ಮಾವ ಮೊಳೆಯನ್ನು ಇನ್ನಷ್ಟು ಒಳಗೆ ಇಳಿಸಿದರು. ಗಡ್ಡೆ ಹೋಳಾಗಿ ಎದ್ದಿತು. ಅದರ ಅಡಿಯಲ್ಲಿ, ಸರಿಯಾಗಿ ನಡುವೆ, ಒಂದು ಸಣ್ಣ ತೂತಿತ್ತು. ಅದರಲ್ಲೂ ಬೂದಿ ಕಲ್ಲಿನಂತೆ ತುಂಬಿತ್ತು. ಅಚ್ಚಿಗೆ ಎಣ್ಣೆ ಹೋಗುವ ದಾರಿ ಅದೊಂದೇ.

ಬಣವಿಯ ಮೇಲೆ ಒಂದು ಕಾಗೆ ಕೂತು ಎದ್ದು ಹೋಯಿತು. ಕಾಶೆಪ್ಪನೇ ಮೊದಲು ನಕ್ಕದ್ದು. ಹೆಂಡತಿ ಕಣ್ಣು ಬಿಟ್ಟರೂ ಅವನಿಗೆ ತಡೆಯಲಾಗಲಿಲ್ಲ.

“ಅಂದ್ರ ಅಪ್ಪೋರೆ, ಹನ್ನೆರಡ ವರ್ಷ ಪೂಜಿಗಿ ಬಂದು ನೀವ ಇದರ ಬಾಯಿ ಮುಚ್ಚಿ, ಗೂಡ ಬಿಚ್ಚದ ಅಲಗ ಅಷ್ಟೇ ಮಸದು, ಪ್ರತಿ ವರ್ಷ ನೀವ ಇದು ಯಾಕ ಬಿಗಿ ಓಡ್ತದ ಅಂತ ನೋಡೀರಿ!”

“ನಗು, ನಗು.” ಮಾವನವರ ಮುಖ ಕೆಂಪಾಗಿತ್ತು. “ಉಪವಾಸ ಕೆಡವಿ ಆಶೀರ್ವಾದ ಮಾಡೀನಿ. ನನ್ನಂಥ ಗುರು ಸಿಗಬೇಕಲ್ಲ.” ನಕ್ಕರು, ಆದರೆ ನಗು ಮುಗಿಯುವ ಮೊದಲೇ ಅವರ ಕಣ್ಣು ದೂರಕ್ಕೆ ಹೋಯಿತು. “ಮನೀಷಾ, ಎಲ್ಲಾ ಮನ್ಯಾಗೂ ನಾ ಇದೇ ಜಾಗಾದಾಗ ಹಚ್ಚೀನವ್ವಾ. ಕುಂತ ಕೂಡಲೇ ಕೈಗಿ ಸಿಗೋದು ಇದೇ. ಜಳಕೋಟದ ವೈಜನಾಥನ ಮಶೀನು, ದಿಗಂಬರಂದು, ಎಲ್ಲಾ.”

ನನಗೆ ಕಂಡದ್ದು ಬೇರೆ. ಬಿಗಿದುಕೊಂಡ ನಲವತ್ತು ಚಕ್ರ, ಅವುಗಳ ಮುಂದೆ ಅವರ ಹೆಬ್ಬೆರಳು.

ಗಡ್ಡೆಯ ಹೋಳುಗಳನ್ನು ಅವರು ಕೆಳಗೆ ಬೀಳಗೊಡಲಿಲ್ಲ. ಒಂದು ಎಲೆಯ ಮೇಲೆ ಕೂಡಿಸಿ, ಕಾಲು ತಗಲದ ಹಾಗೆ ಬೇವಿನ ಬುಡಕ್ಕೆ ಹಾಕಿ ನೀರು ಬಿಟ್ಟರು. ತೂತು ಚೊಕ್ಕ ಮಾಡಲು ನನ್ನ ತಲೆಪಿನ್ನು ಕೇಳಿದರು. ಮುಚ್ಚಳ ತೆಗೆದು, ಒಳಗೆ ಗೀರು ಬಿದ್ದ ಹಿತ್ತಾಳೆಯ ಬುಶ್ಶನ್ನು ಎಮರಿ ಕಾಗದದಿಂದ ತಿಕ್ಕಿದರು. ಬೆರಳಿನ ಹೊಟ್ಟೆಯಿಂದ ಸವರಿ ಸವರಿ ನೋಡಿದರು, ಕೂಸಿನ ಬೆನ್ನು ಸವರಿದ ಹಾಗೆ. ಗ್ರೀಸು ಸವರಿ, ಮುಚ್ಚಳ ಕೂಡಿಸಿ, ನಾಲ್ಕೂ ಬೋಲ್ಟು ಪೂರ್ತಿ ಬಿಗಿದು, ಮತ್ತೆ ಕಾಲು ಸುತ್ತು ಸಡಿಲ ಬಿಟ್ಟರು.

“ಪೂರಾ ಬಿಗಿದ್ರ ತಿರಗಂಗಿಲ್ಲ. ಪೂರಾ ಬಿಟ್ರ ನಿಲ್ಲಂಗಿಲ್ಲ. ಒಂದ ಸ್ವಲ್ಪ ಜಾಗಾ ಬೇಕು,” ಅಂದರು ನನಗೆ. ಇನ್ನೊಂದು ಗೂಡಿಗೂ ಹಾಗೇ ಮಾಡಿದರು. ಎರಡೂ ಮುಗಿಯುವ ಹೊತ್ತಿಗೆ ಸೂರ್ಯ ನೆತ್ತಿ ದಾಟಿದ್ದ. ಒಂದು ಸಲವೂ ಪಾನಾ ಜಾರಲಿಲ್ಲ. ನಾನು ಕಣ್ಣು ಕೀಳದೆ ನೋಡಿದ್ದೇನೆ.

ಊಟ ಮುಗಿದ ಮೇಲೆ ಉಳಿದದ್ದು ಅಲಗು.

ಎರಡನ್ನೂ ಮಸೆದು ಚಕ್ರಕ್ಕೆ ಬಿಗಿದರು. ಅಲಗಿಗೂ ಮಶೀನಿನ ಬಾಯಿಯ ಉಕ್ಕಿನ ಪಟ್ಟಿಗೂ ನಡುವೆ ಎಷ್ಟು ಸಂದು ಬಿಡಬೇಕೆಂಬುದೇ ಈ ಕೆಲಸದ ಜೀವ. ಹೆಚ್ಚಾದರೆ ಕಣಕಿ ತುಂಡಾಗದೆ ಮಡಚುತ್ತದೆ; ಕಡಿಮೆಯಾದರೆ ಕಬ್ಬಿಣ ಕಬ್ಬಿಣವನ್ನು ತಿನ್ನುತ್ತದೆ. ಮಾವ ಇದನ್ನು ಅಳೆಯುವುದು ಹೋದ ವರ್ಷದ ಪಂಚಾಂಗದಿಂದ. ಮುಗಿದ ತಿಂಗಳ ಹಾಳೆ ಹರಿದು, ಪಟ್ಟಿಯ ಮೇಲೆ ಎಡಗೈಯಿಂದ ಚಾಚಿ ಹಿಡಿದು, ಬಲಗೈಯಿಂದ ಚಕ್ರವನ್ನು ಮೆಲ್ಲಗೆ ಇಳಿಸುತ್ತಾರೆ. ಹಾಳೆ ಈ ತುದಿಯಿಂದ ಆ ತುದಿಗೆ ಕತ್ತರಿ ಹಾಕಿದಂತೆ ತುಂಡಾಗಬೇಕು.

“ಮಾಮಾ, ಬೆರಳು ಸ್ವಲ್ಪ ಹಿಂದ,” ಅಂದೆ.

“ಹಿಂದನೇ ಅದಾವು.”

“ಇನ್ನೂ ಹಿಂದ.”

“ಮೊಳಕೈಲೆ ಹಿಡೀಲೇನು?”

ಮೊದಲ ಹಾಳೆ ಅರ್ಧ ತುಂಡಾಗಿ ಅರ್ಧ ಹರಿಯಿತು. ಎರಡನೆಯದನ್ನು ಹಿಡಿದರು. ಬಲಗೈ ಚಕ್ರದ ಅಂಚಿನ ಮೇಲೆ ಬರೀ ಆನಿಸಿಕೊಂಡಿತ್ತು, ಹಿಡಿದಿರಲಿಲ್ಲ. ಅದು ನಡುಗಿತು. ಹನ್ನೆರಡು ವರ್ಷ ಬಿಗಿದುಕೊಂಡೇ ತಿರುಗಿದ ಚಕ್ರ ಈಗ ನೀರಿನಂತೆ ಹಗುರಾಗಿದೆಯೆಂಬುದನ್ನು ನಾವು ಯಾರೂ ನೆನಪಿಟ್ಟುಕೊಂಡಿರಲಿಲ್ಲ. ಅಲಗಿನ ಭಾರಕ್ಕೆ ಅದು ತಾನಾಗಿಯೇ ಹೊರಳಿತು.

ನಾನು ಯಾವಾಗ ಎದ್ದೆನೋ ಗೊತ್ತಿಲ್ಲ. ಎರಡೂ ಕೈಯಿಂದ ಚಕ್ರ ತಬ್ಬಿಕೊಂಡಿದ್ದೆ. ಅಲಗು ಹಾಳೆಯ ಮೇಲೆ, ಅವರ ಹೆಬ್ಬೆರಳಿನ ಹೊಲಿಗೆಯ ಗುರುತಿಗಿಂತ ಒಂದು ಗೋಧಿಕಾಳಿನಷ್ಟು ಈಚೆ ನಿಂತಿತ್ತು. ನನ್ನ ಮೂರು ಹಸಿರು ಬಳೆ ಚೂರಾಗಿ ನೆಲದಲ್ಲಿದ್ದವು.

“ಅಯ್ಯ ದೇವಾ, ಬಳಿ!” ಎಂದು ಪ್ರೇಮಾಬಾಯಿ ಓಡಿ ಬಂದಳು.

“ಒಡದಾವ, ಹೋಗಲಿ,” ಅಂದೆ.

“ಒಡದಾವ ಅನಬಾರದ್ರಿ ಅಮ್ಮೋರೆ, ವಾಢವಲ್ಯಾ ಅನಬೇಕು. ಹೆಚ್ಚಿಗಿ ಆದವು ಅಂತ.” ಆಕೆ ತನ್ನ ಕೈಯಿಂದಲೇ ಎರಡು ಬಳೆ ಬಿಚ್ಚಿ ನನ್ನ ಕೈಗೆ ತುರುಕಲು ಹತ್ತಿದಳು. ಕಾಶೆಪ್ಪ ಚಕ್ರಕ್ಕೆ ಕಲ್ಲು ಕೊಟ್ಟ.

ಮಾವ ಎಡಗೈ ತಿರುಗಿಸಿ ಅಂಗೈ ನೋಡಿದರು. ಆಮೇಲೆ ನನ್ನನ್ನು.

“ನೋಡ್ದಿ?”

“ನೋಡ್ದೆ, ಮಾಮಾ.”

“ಓಂಪ್ರಕಾಶಗ ಹೇಳ್ತಿ?”

ಇಲ್ಲ ಎನ್ನಬಹುದಿತ್ತು. ಅವರು ಅದನ್ನೇ ಕೇಳುತ್ತಿದ್ದರೆಂದು ಗೊತ್ತಿತ್ತು. “ಹೇಳ್ತೀನಿ,” ಅಂದೆ.

ಅವರು ಗೋಣು ಹಾಕಿದರು. ಪಂಚಾಂಗವನ್ನು ದೋಣಿಯ ಮೇಲಿಟ್ಟು, ಕೊಂಬೆಯ ಮೇಲಿದ್ದ ಶಲ್ಯ ಹೊದ್ದುಕೊಂಡು, ಅಷ್ಟು ದೂರ ಹೋಗಿ ಪೆಂಡಿಯ ಮೇಲೆ ಬೆನ್ನು ತಿರುಗಿಸಿ ಕೂತರು. ಅಲಗು ಇನ್ನೂ ಸರಿಯಾಗಿ ಕೂತಿರಲಿಲ್ಲ. ಎಮ್ಮೆಗಳು ಕೊಟ್ಟಿಗೆಯಿಂದ ಇತ್ತ ನೋಡುತ್ತಿದ್ದವು.

ನಾನು ಹೆದರುವವಳು. ಗ್ಯಾಸು ಬಂದ್ ಮಾಡಿ ಮೂರು ಸಲ ನೋಡುತ್ತೇನೆ, ಬಾಗಿಲು ಹಾಕಿ ಅರ್ಧ ದಾರಿಯಿಂದ ತಿರುಗಿ ಬಂದದ್ದುಂಟು. ನನ್ನ ಮಟ್ಟಿಗೆ ಆ ಮಶೀನು ಒಂದು ಬಾಯಿ ತೆರೆದ ಪ್ರಾಣಿ. ಆದರೆ ಆ ಬೆನ್ನನ್ನು ನೋಡುತ್ತ ನಿಲ್ಲುವುದು ಅದಕ್ಕಿಂತ ಕಷ್ಟವಾಯಿತು.

ಕಾಶೆಪ್ಪನಿಗೆ ಚಕ್ರ ಹಿಡಿಯಲು ಹೇಳಿದೆ. “ಎರಡೂ ಕೈಲೆ. ನಾ ಇಳಸು ಅನ್ನೋತನಾ ಉಸಿರೂ ಬಿಡಬ್ಯಾಡ.” ಕಲ್ಲನ್ನು ಇನ್ನೂ ಎರಡು ಸಲ ನೋಡಿದೆ. ಹಾಳೆಯನ್ನು ಕೈಯಿಂದ ಹಿಡಿಯಲಿಲ್ಲ. ಒಂದು ಕಣಕಿಯ ದಂಟನ್ನು ಸೀಳಿ ಅದರ ಸಂದಿಗೆ ಹಾಳೆ ಸಿಕ್ಕಿಸಿ, ದಂಟಿನ ಆ ತುದಿ ಹಿಡಿದೆ. ನನ್ನ ಬೆರಳು ಅಲಗಿನಿಂದ ಮೊಳ ದೂರ ಇದ್ದವು.

“ಇಳಸು.”

ಹಾಳೆ ಎಡಕ್ಕೆ ತುಂಡಾಯಿತು, ಬಲಕ್ಕೆ ಮಡಚಿತು.

“ಅಲಗಿನ ಬಲಗಡಿ ಸ್ಕ್ರೂ ಅರ್ಧ ಸುತ್ತ ಒಳಗ,” ಎಂದಿತು ಶಲ್ಯದ ಒಳಗಿನಿಂದ ಒಂದು ದನಿ. ತಿರುಗಿ ನೋಡಿರಲಿಲ್ಲ. ಸಪ್ಪಳದಿಂದಲೇ ತಿಳಿದಿತ್ತು ಅವರಿಗೆ.

ಅರ್ಧ ಸುತ್ತು ಒಳಗೆ ಕೊಟ್ಟೆ. ಮತ್ತೊಂದು ಹಾಳೆ.

“ಜಾಸ್ತಿ ಆತು. ಒಂದ ನೂಲು ಹಿಂದ ತಗೀ.”

ನಾಲ್ಕನೆಯ ಹಾಳೆಗೆ ಅವರು ಎದ್ದು ಬಂದಿದ್ದರು. ಐದನೆಯದು ಶ್ರಾವಣ ಮಾಸ. ಈ ಅಂಚಿನಿಂದ ಆ ಅಂಚಿಗೆ, ಹುಣ್ಣಿಮೆಯ ನಡುವಿನಿಂದಲೇ, ಸಪ್ಪಳವಿಲ್ಲದೆ ಎರಡಾಯಿತು. ಇನ್ನೊಂದು ಅಲಗಿಗೆ ಮೂರೇ ಹಾಳೆ ಸಾಕಾದವು.

ಕಾಶೆಪ್ಪ ಕಲ್ಲು ತೆಗೆದ. ಪ್ರೇಮಾಬಾಯಿ ಮೊದಲ ಪೆಂಡಿ ಬಿಚ್ಚಿ ದೋಣಿಗೆ ಇಟ್ಟಳು. ಚಕ್ರ ತಿರುಗಿತು, ಚರಕ್ ಚರಕ್ ಎಂದು ಕಣಕಿಯ ಚೂರು ಹಸಿರುಹಳದಿಯಾಗಿ ರಾಶಿ ಬಿದ್ದವು, ಅದರ ಸಿಹಿ ವಾಸನೆ ಅಂಗಳವೆಲ್ಲ ತುಂಬಿತು. ಮಾವ ಒಂದು ಹಿಡಿ ಚೂರು ಎತ್ತಿ, ತುದಿ ಚೊಕ್ಕ ಬಂದಿದೆಯೋ ಇಲ್ಲವೋ ನೋಡಿ, ಎಮ್ಮೆಯ ಮುಂದೆ ತಾವೇ ಹಾಕಿದರು. ಎಮ್ಮೆ ಅವರ ಕೈಯನ್ನೂ ನೆಕ್ಕಿತು.

ಫೋನು ಬಂದದ್ದು ಆಗ.

“ಹೇಳು. ನಡುಗ್ತೋ ಇಲ್ಲೋ?” ಅಂದರು ನನ್ನ ಗಂಡ.

ಎಲ್ಲರೂ ಚಕ್ರ ನಿಲ್ಲಿಸಿ ನನ್ನ ಬಾಯಿ ನೋಡಿದರು.

“ಪಾನಾ ಹಿಡದಾಗ ನಡುಗಂಗಿಲ್ಲ. ಎಂಟು ಬೋಲ್ಟ್ ತಗದಾರ, ಒಂದೂ ಜಾರಿಲ್ಲ. ಬರೇ ಆನಿಸಿದಾಗ ನಡುಗ್ತದ. ಅಲಗ ಕೂಡಸೂಮುಂದ ನಡುಗ್ತು. ಬೆರಳ ಸ್ವಲ್ಪದಾಗ ಉಳೀತು.”

“ಹಂಗಾದ್ರ ಮುಗೀತಲ್ಲ.”

“ನಾ ಅದು ಅಂದಿಲ್ಲ. ಅಲಗ ಅವರು ಮುಟ್ಟಬಾರದು ಅಂದೆ. ಬೋಲ್ಟ್ ಅವರದು. ಅಲಗ ನಾ ಕೂಡಸ್ತೀನಿ. ಕುಟ್ಟಿ ಹಂಗಾಮು ಮುಗಿಯೂತನಾ ಪ್ರತಿ ಐತವಾರ. ಇವತ್ತೂ ನಾನೇ ಕೂಡ್ಸೀನಿ.”

“ನೀನಾ? ಗ್ಯಾಸ್ ಮೂರು ಸಲ ನೋಡಾಕಿ ನೀ!”

“ಅದಕ್ಕೇ,” ಅಂದೆ.

ಹಿಂದೆ ಅತ್ತೆ “ಏನಂದ್ಲು, ಏನಂದ್ಲು?” ಎನ್ನುತ್ತಿರುವುದು ಕೇಳಿಸಿತು. ಕಡೆಗೆ ನನ್ನ ಗಂಡ, “ಸಂಜಿ ಬಸ್ಸಿಗಿ ಬರ್ರಿ,” ಎಂದು ಫೋನು ಇಟ್ಟರು. ಬೇಡ ಎನ್ನಲಿಲ್ಲ.

ಪ್ರೇಮಾಬಾಯಿ ಹೇಳಿದ ಹಾಗೆ ಎರಡನೆಯ ಸಲ ಪಾದ ತೊಳೆದಳು. ಮಾವನವರ ಮುಖ ಇನ್ನೂ ಪೂರ್ತಿ ತಿಳಿಯಾಗಿರಲಿಲ್ಲ. ಹೈವೇಯ ತನಕ ಅವರು ಮುಂದೆ, ನಾನು ಚೀಲ ಹೊತ್ತು ಹಿಂದೆ. ಲಾರಿಗಳು ಹೈದರಾಬಾದಿನ ಕಡೆ, ಸೊಲ್ಲಾಪುರದ ಕಡೆ ಓಡುತ್ತಿದ್ದವು. ನಾವು ಒಂದು ಚಹಾದಂಗಡಿಯ ನೆರಳಲ್ಲಿ ನಿಂತೆವು.

“ಅಲಗ ಕೂಡ್ಸೋದು ಕಲೀಲಿಕ್ಕ ನನಗ ನಾಕ ವರ್ಷ ಹಿಡದಿದ್ದವು,” ಅಂದರು ಕಡೆಗೆ. “ನಿನಗ ಒಂದ ತಾಸು. ನನಗ ಸಂಕಟ ಆತು. ಸುಳ್ಳ ಯಾಕ ಹೇಳ್ಲಿ?”

“ನೀವು ಹೇಳಿಕೊಟ್ರಿ, ಮಾಮಾ. ಅದಕ್ಕ ಒಂದ ತಾಸು.”

“ಅದೂ ಖರೆ.” ನನ್ನ ಹೆಗಲ ಚೀಲ ನೋಡಿ, “ಬರೂ ಐತವಾರ ಜಳಕೋಟ. ಮೊದಲನೇ ಬಸ್ಸು.”

“ಬರ್ತೀನಿ. ಆದ್ರ ಚಕ್ರದಿಂದ ನೀವು ಒಂದ ಮಾರು ದೂರ ಕೂಡಬೇಕು.”

“ಬೋಲ್ಟ್ ಬಿಚ್ಚಾಗ?”

“ಬೋಲ್ಟ್ ಬಿಚ್ಚಾಗ ಅಲ್ಲ, ಅಲಗ ಕೂಡ್ಸಾಗ.”

“ಅರ್ಧ ಮಾರು.”

“ಒಂದು.”

“ಯಾರ ಮಾರು? ನಿಂದೋ ನಂದೋ?”

“ನಿಮ್ಮದು.”

“ಏ, ನಂದು ಭಾಳ ದೊಡ್ಡದು! ಅಲ್ಲಿಂದ ನನಗೇನು ಕಾಣ್ತದ? ನೋಡಿಲ್ಲಿ,” ಎಂದು ಅವರು ರಸ್ತೆಯ ಅಂಚಿನಲ್ಲಿ ನಿಂತು, ಶಲ್ಯ ಇಳಿಬಿದ್ದ ಹಾಗೆ, ಎರಡೂ ತೋಳು ಅಗಲಿಸಿದರು. ಉಮರ್ಗಾದ ಕಡೆ ಹೊರಟಿದ್ದ ಒಂದು ಬಾಡಿಗೆ ಜೀಪು ಕೀರೆಂದು ಬ್ರೇಕು ಹಾಕಿ ಅವರ ಮುಂದೆಯೇ ನಿಂತಿತು. ಡ್ರೈವರು ತಲೆ ಹೊರಗೆ ಹಾಕಿದ.

“ಹಾತ್ ಖಾಲೀ ಘ್ಯಾ ಬಾಬಾ, ಥಾಂಬಲೋ ನಾ! ಕೈ ಇಳಸ್ರಿ, ನಿಂತೀನಿ. ಎಷ್ಟ ಮಂದಿ?”

“ಇಬ್ರು,” ಅಂದರು ಮಾವ, ತೋಳು ಇನ್ನೂ ಹಾಗೇ ಚಾಚಿಕೊಂಡು. “ಆಕಿ ಮುಂದ ಕೂಡ್ತಾಳ. ಮೇಸ್ತ್ರಿ ಆಕಿ.”